ಓದಲು ತಡವರಿಸುವ ಮಗು: ಶಾಲೆಯಿಂದ ಪ್ರಮಾಣಪತ್ರದವರೆಗೆ ನಾವು ನಡೆದು ಬಂದ ದಾರಿ

ನಮ್ಮ ಮಗಳ ಹೆಸರಿನ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲತೆಯ ಗುರುತಿನ ಚೀಟಿ, ಕಳೆದ ತಿಂಗಳು ಅಂಚೆಯಲ್ಲಿ ಮನೆಗೆ ಬಂದಿತು. ‘ನಿರ್ದಿಷ್ಟ ಕಲಿಕಾ ನ್ಯೂನತೆ’ (ಬುದ್ಧಿ ಚೆನ್ನಾಗಿದ್ದರೂ ಓದು, ಬರಹ, ಲೆಕ್ಕದಲ್ಲಿ ಆಗುವ ತೊಡಕು) ಎಂಬ ಒಂದು ನಮೂದಿಗಾಗಿ ಶಾಲೆ, ತಾಲ್ಲೂಕು ಆಸ್ಪತ್ರೆ, ಮೈಸೂರು, ಮತ್ತೆ ಜಿಲ್ಲಾ ಕೇಂದ್ರ ಎಂದು ನಾವು ಓಡಾಡುತ್ತಿರುವಷ್ಟರಲ್ಲಿ ಅವಳ ಎರಡನೇ ತರಗತಿ ಮುಗಿದು, ಮೂರನೆಯದೂ ಮುಗಿಯುತ್ತ ಬಂದಿದೆ. ಆದರೆ ಕಾರ್ಡು ಕೈಗೆ ಬರುವ ಬಹಳ ಮೊದಲೇ ಅವಳು ಓದಲು ತೊಡಗಿದ್ದಳು. ಶಾಲೆಯಲ್ಲಿ ಒಬ್ಬ ಶಿಕ್ಷಕಿ ದಿನವೂ ತಪ್ಪದೆ ಕೊಟ್ಟ ಅರ್ಧ ಗಂಟೆಯಿಂದ ಅದು ಆಯಿತು. ಕಾಗದ ಮಾಡಿಸುವುದು ಮತ್ತು ಓದು ಕಲಿಸುವುದು ಬೇರೆ ಬೇರೆ ಕೆಲಸಗಳು, ಮೊದಲನೆಯದು ಮುಗಿಯುವವರೆಗೆ ಎರಡನೆಯದನ್ನು ತಡೆದು ಇಡಬೇಕಾಗಿಲ್ಲ ಎಂಬುದನ್ನು ಯಾರಾದರೂ ನನಗೆ ಆರಂಭದಲ್ಲೇ ಹೇಳಿದ್ದರೆ ಎಷ್ಟೋ ರಾತ್ರಿಗಳ ಕಳವಳ ತಪ್ಪುತ್ತಿತ್ತು. ಎರಡನೇ, ಮೂರನೇ ತರಗತಿಯಲ್ಲಿ ಮಕ್ಕಳಿರುವ ತಂದೆತಾಯಂದಿರಿಗೆ ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನಾನು ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತೇನೆ, ನನ್ನ ಯಜಮಾನರು ಸರಕು ಸಾಗಿಸುವ ಆಟೋ ಓಡಿಸುತ್ತಾರೆ. ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಳೆ. ಅಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ನಲಿಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ, 2009–10ರ ಸುಮಾರಿಗೆ ಇಡೀ ರಾಜ್ಯಕ್ಕೆ ಹರಡಿದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತಬೇಕು. ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ಮಕ್ಕಳು ಒಂದು ‘ತಟ್ಟೆ’ಯಲ್ಲಿ (ಗುಂಪಿಗೆ ಅಲ್ಲಿ ಹಾಗೆನ್ನುತ್ತಾರೆ), ಗೆಳೆಯರ ನೆರವಿನಿಂದ ಕಲಿಯುವವರು ಇನ್ನೊಂದರಲ್ಲಿ, ತಾವಾಗಿಯೇ ಕಲಿಯಬಲ್ಲವರು ಮತ್ತೊಂದರಲ್ಲಿ ಕುಳಿತುಕೊಳ್ಳುತ್ತಾರೆ. ಪದ್ಧತಿಯ ಮೇಲೆ ನನಗೆ ದೂರಿಲ್ಲ. ಆದರೆ ಒಬ್ಬರೇ ಶಿಕ್ಷಕರು ಎಲ್ಲ ತಟ್ಟೆಗಳನ್ನೂ ನೋಡಿಕೊಳ್ಳಬೇಕಾದಾಗ, ಗಲಾಟೆ ಮಾಡದೆ ಪಕ್ಕದವರ ಬಾಯಿ ನೋಡಿ ಹೇಳುವ ಮಗು ಏಣಿಯ ಒಂದೇ ಮೆಟ್ಟಿಲಿನಲ್ಲಿ ತಿಂಗಳುಗಟ್ಟಲೆ ನಿಂತಿರುವುದು ಕಣ್ಣಿಗೆ ಬೀಳುವುದಿಲ್ಲ.

ನನ್ನ ಮಗಳು ಅಂಥ ಮಗು. ಎರಡನೇ ತರಗತಿಯಲ್ಲಿದ್ದಾಗ ಪುಸ್ತಕ ತೆರೆದು ಬೆರಳಿಟ್ಟು ಪಾಠವನ್ನು ಪಟಪಟನೆ ಹೇಳುತ್ತಿದ್ದಳು. ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿದರೆ ಅವಳ ಬಾಯಿ ನಾಲ್ಕನೇ ಸಾಲಿನಲ್ಲಿತ್ತು, ಬೆರಳು ಇನ್ನೂ ಎರಡನೇ ಸಾಲಿನಲ್ಲೇ ಇತ್ತು. ಚಿತ್ರವನ್ನು ಕೈಯಿಂದ ಮುಚ್ಚಿ, ನಡುವಿನ ಒಂದು ಪದವನ್ನು ತೋರಿಸಿ ‘ಇದೇನು ಪುಟ್ಟಿ?’ ಎಂದೆ. ‘ಕೋಗಿಲೆ’ ಎಂಬುದನ್ನು ‘ಕ… ಗ… ಲ’ ಎಂದು ಓದಿ, ನನ್ನ ಮುಖ ನೋಡಿದಳು. ಕೊಂಬು, ಗುಡಿಸು, ದೀರ್ಘ ಯಾವುದೂ ಅವಳಿಗೆ ಕಾಣುತ್ತಿರಲಿಲ್ಲ. ಅಕ್ಷರಗಳಲ್ಲೂ ‘ಮ’ ಮತ್ತು ‘ವ’, ‘ಸ’ ಮತ್ತು ‘ನ’ ಒಮ್ಮೆ ಹಾಗೆ, ಒಮ್ಮೆ ಹೀಗೆ ಆಗುತ್ತಿದ್ದವು. ಪಾಠವನ್ನೆಲ್ಲ ಅವಳು ಕಿವಿಯಿಂದ ಕಲಿತಿದ್ದಳು.

ಆಗ ಇದ್ದ ಶಿಕ್ಷಕರ ಬಳಿ ಹೇಳಿದಾಗ, ‘ಇನ್ನೂ ಚಿಕ್ಕವಳು, ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ತಾನಾಗಿಯೇ ಬರುತ್ತದೆ, ಹೇಗೂ ಫೇಲ್ ಮಾಡುವುದಿಲ್ಲವಲ್ಲ’ ಎಂದರು. ಮನೆಯಲ್ಲಿ ಅತ್ತೆಯವರು, ‘ಇವಳಪ್ಪನೂ ಐದನೇ ಕ್ಲಾಸಿಗೆ ಬಂದ ಮೇಲೇ ಓದಿದ್ದು ಕಣವ್ವಾ, ಸುಮ್ನಿರು’ ಎಂದರು. ಆ ಮಾತಿನ ಮಹತ್ವ ನಮಗೆ ತಿಳಿದದ್ದು ಬಹಳ ತಿಂಗಳ ನಂತರ ಮೈಸೂರಿನಲ್ಲಿ. ನಿಮಗೂ ಇಂಥದೇ ಉತ್ತರ ಸಿಕ್ಕಿದರೆ ದಯವಿಟ್ಟು ಕಾಯಬೇಡಿ. ನಾಲ್ಕನೇ ತರಗತಿಗೆ ಹೋದ ಮೇಲೆ ನಲಿಕಲಿ ಇರುವುದಿಲ್ಲ. ಪರಿಸರ ಅಧ್ಯಯನದಿಂದ ಹಿಡಿದು ಲೆಕ್ಕದ ಹೇಳಿಕೆಯವರೆಗೆ ಎಲ್ಲ ಪುಸ್ತಕಗಳೂ ಮಗುವಿಗೆ ಓದಲು ಬರುತ್ತದೆ ಎಂದು ಭಾವಿಸಿಯೇ ಬರೆದಿರುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ ಭಾರತ ಕಾರ್ಯಕ್ರಮವೂ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗು ಅರ್ಥಮಾಡಿಕೊಂಡು ಓದಬೇಕೆಂದೇ ಗುರಿ ಇಟ್ಟುಕೊಂಡಿದೆ. ಹೀಗಾಗಿ ಎರಡನೇ ತರಗತಿಯಲ್ಲಿ ಕೇಳಿದ ತಾಯಿಯ ಪ್ರಶ್ನೆ ಅವಸರದ ಪ್ರಶ್ನೆಯಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ವರ್ಗಾವಣೆಯಾಗಿ ಹೊಸ ಶಿಕ್ಷಕಿಯೊಬ್ಬರು ಬಂದರು. ಅವರು ಮೊದಲ ವಾರದಲ್ಲೇ ಒಂದೊಂದು ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು, ಒಂದು ಹಾಳೆಯಲ್ಲಿದ್ದ ಬಿಡಿ ಅಕ್ಷರ, ಸರಳ ಪದ, ಒಂದು ಪ್ಯಾರಾ, ಒಂದು ಪುಟ್ಟ ಕಥೆಗಳನ್ನು ಓದಿಸಿ, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಂಡರು. ‘ಓದು ಕರ್ನಾಟಕ’ ಕಾರ್ಯಕ್ರಮದ ತರಬೇತಿಯಲ್ಲಿ ಇದನ್ನು ಕಲಿತಿದ್ದರಂತೆ. ನನ್ನನ್ನು ಕರೆಸಿ, ‘ನೋಡಿ ಅಮ್ಮಾ, ಕಥೆ ಕೇಳಿಸಿದರೆ ಎಲ್ಲ ಪ್ರಶ್ನೆಗೂ ಉತ್ತರ ಹೇಳುತ್ತಾಳೆ. ಅದೇ ಕಥೆ ಓದು ಎಂದರೆ ಅಕ್ಷರದ ಹಂತದಲ್ಲೇ ನಿಲ್ಲುತ್ತಾಳೆ. ಬುದ್ಧಿ ಚೆನ್ನಾಗಿದೆ, ಓದಿನಲ್ಲಿ ಮಾತ್ರ ಏನೋ ತೊಡಕಿದೆ’ ಎಂದರು. ಬೈಯುತ್ತಾರೇನೋ ಎಂದು ಮೈ ಬಿಗಿ ಹಿಡಿದು ಕುಳಿತಿದ್ದ ನನಗೆ ಅಲ್ಲೇ ಕಣ್ಣೀರು ಬಂತು.

ಅವರು ಅಂದೇ ಎರಡು ಕೆಲಸ ಹೇಳಿದರು. ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸುವುದು ನನ್ನ ಪಾಲಿಗೆ ಬಂತು. ಮರುದಿನದಿಂದಲೇ ಪ್ರಾರ್ಥನೆ ಮುಗಿದ ಕೂಡಲೇ ಇವಳನ್ನೂ ಇವಳಂತೆಯೇ ತಡವರಿಸುವ ಇನ್ನು ಕೆಲವರನ್ನೂ ಪ್ರತ್ಯೇಕವಾಗಿ ಕೂರಿಸಿಕೊಳ್ಳುವುದನ್ನು ಅವರು ವಹಿಸಿಕೊಂಡರು. ಅದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಕಾಗಲಿಲ್ಲ. ಮುಖ್ಯ ಶಿಕ್ಷಕರಿಗೆ ಹೇಳಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಂದು ಮಾತು ತಿಳಿಸಿದರು, ಅಷ್ಟೇ.

ಕಣ್ಣು ಕಿವಿಗಳ ಪರೀಕ್ಷೆಯನ್ನು ತಪ್ಪಿಸಲಾಗದು, ಏಕೆಂದರೆ ಮುಂದೆ ಎಲ್ಲಿ ಹೋದರೂ ಮೊದಲು ಕೇಳುವುದು ಅದನ್ನೇ. ಸರಿಯಾಗಿ ಕಾಣದ ಅಥವಾ ಕೇಳಿಸದ ಮಗು ಓದಿನಲ್ಲಿ ಹಿಂದೆ ಬಿದ್ದರೆ ಅದಕ್ಕೆ ಬೇಕಾದ ಪರಿಹಾರವೇ ಬೇರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಆಯಿತು. ಕಿವಿಯ ಪರೀಕ್ಷೆಗೆ ಯಂತ್ರವಿದ್ದರೂ ಅದನ್ನು ನಡೆಸುವವರು ವಾರದಲ್ಲಿ ಕೆಲವು ದಿನ ಮಾತ್ರ ಬರುತ್ತಾರೆಂದು ತಿಳಿಯದೆ ಅಲ್ಲಿಂದ ಬರಿಗೈಯಲ್ಲಿ ಮರಳಿದೆವು. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೂ ಹೇಳಬಹುದು. ಅವರು ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ, ಅವರು ಕೊಡುವ ಚೀಟಿ ಮುಂದಿನ ಆಸ್ಪತ್ರೆಯಲ್ಲಿ ನೆರವಿಗೆ ಬರುತ್ತದೆ.

ಶಿಕ್ಷಕಿಯವರು ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಬರೆದ ಪತ್ರದ ಮೇಲೆ, ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು, ಅಂದರೆ ಎಲ್ಲರೂ ಬಿಐಇಆರ್‌ಟಿ ಎಂದು ಕರೆಯುವವರು, ಶಾಲೆಗೆ ಬಂದು ಮಗಳನ್ನು ನೋಡಿದರು. ಇಡೀ ತಾಲ್ಲೂಕಿನ ಮಕ್ಕಳನ್ನು ನೋಡಬೇಕಾದ ಅವರು ಬರಲು ಸಾಕಷ್ಟು ದಿನ ಹಿಡಿಯಿತು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ವತಿಯಿಂದ ತಾಲ್ಲೂಕಿನಲ್ಲಿ ನಡೆಯುವ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಹೆಸರು ಬರೆಸಿದರು. ಅಲ್ಲಿ ಬೆಳಗಿನಿಂದ ಸಾಲಿನಲ್ಲಿ ಕುಳಿತು ನಮ್ಮ ಸರದಿ ಬಂದಾಗ, ಮೂಳೆ, ಕಣ್ಣು, ಕಿವಿಯ ವೈದ್ಯರು ಇದ್ದರೇ ಹೊರತು ಕಲಿಕೆಯ ತೊಂದರೆಯನ್ನು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರು ಅಂದು ಬಂದಿರಲಿಲ್ಲ. ‘ಮೈಸೂರಿಗೋ ಬೆಂಗಳೂರಿಗೋ ಹೋಗಿ’ ಎಂದು ಚೀಟಿ ಬರೆದುಕೊಟ್ಟರು. ಗಾಲಿಕುರ್ಚಿಯಲ್ಲಿದ್ದ ಮಕ್ಕಳ ನಡುವೆ ಓಡಾಡಿಕೊಂಡಿದ್ದ ನನ್ನ ಮಗಳನ್ನು ಕಂಡು ಒಬ್ಬರು, ‘ಇವಳಿಗೇನಾಗಿದೆ, ಚೆನ್ನಾಗೇ ಇದ್ದಾಳಲ್ಲಾ’ ಎಂದು ಕೇಳಿದರು. ಈ ಮಾತನ್ನು ನೀವೂ ಕೇಳಬೇಕಾಗುತ್ತದೆ, ಅದಕ್ಕೆ ಸಿದ್ಧರಾಗಿರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾಕ್ರಮಗಳನ್ನು ಕೈಗೊಳ್ಳುವುದು ಶಾಲೆಗಳ ಕರ್ತವ್ಯವೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ನಾನು ಆ ಸೆಕ್ಷನ್ನಿನ ಕನ್ನಡ ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಂಡೇ ಓಡಾಡಿದೆ.

ಈ ಪರೀಕ್ಷೆಗೆ ನಮ್ಮ ರಾಜ್ಯದಲ್ಲಿ ಹೆಸರಾದ ಸರ್ಕಾರಿ ಸಂಸ್ಥೆಗಳೆಂದರೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ನಮಗೆ ಮೈಸೂರು ಹತ್ತಿರವಾದ್ದರಿಂದ ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದೆವು. ಖಾಸಗಿಯಾಗಿ ಪರೀಕ್ಷಿಸುವವರೂ ಇದ್ದಾರೆ, ಆದರೆ ಅದಕ್ಕೆ ಸಾವಿರಾರು ರೂಪಾಯಿ ಬೇಕು. ಹಾಗೆ ಮಾಡಿಸುವುದಾದರೆ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಆ ಸಂಖ್ಯೆ ವರದಿಯಲ್ಲಿ ನಮೂದಾಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಶಕ್ತಿ ಯೋಜನೆಯಿಂದಾಗಿ ನನಗೂ ಮಗಳಿಗೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣ ಬೀಳಲಿಲ್ಲ. ಮಗಳ ಆಧಾರ್ ಕೈಯಲ್ಲಿರಲಿ. ನಮಗೆ ಭಾರವಾದದ್ದು ಊಟತಿಂಡಿಯ ಖರ್ಚು, ಯಜಮಾನರ ಬಾಡಿಗೆ ನಿಂತದ್ದು, ಡೈರಿಯಲ್ಲಿ ನನ್ನ ಸಂಬಳ ಕಡಿತವಾದದ್ದು. ಬಿಪಿಎಲ್ ಕಾರ್ಡಿನ ಪ್ರತಿಯನ್ನು ಮರೆಯದೆ ಒಯ್ಯಿರಿ.

ಮೊದಲ ದಿನವೇ ಎಲ್ಲ ಪರೀಕ್ಷೆಗಳೂ ಮುಗಿಯುತ್ತವೆಂದು ಭಾವಿಸಬೇಡಿ. ಅಂದು ಹೆಸರು ನೋಂದಾಯಿಸಿ, ಮಗು ಹುಟ್ಟಿದಂದಿನಿಂದ ಆದದ್ದನ್ನೆಲ್ಲ ಕೇಳಿ ಬರೆದುಕೊಂಡು, ಮುಂದಿನ ತಾರೀಖು ಕೊಟ್ಟರು. ಹೆರಿಗೆ ಹೇಗಾಯಿತು, ಎಷ್ಟು ತಿಂಗಳಿಗೆ ಮಾತು ಬಂತು, ಕಾಯಿಲೆ ಏನಾದರೂ ಬಂದಿತ್ತೇ ಎಂದು ಕೇಳುತ್ತಾ ಬಂದ ಮನಶ್ಶಾಸ್ತ್ರಜ್ಞೆ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಓದಲು ಕಷ್ಟವಿತ್ತೇ ಎಂದರು. ನಾನು ಇಲ್ಲವೆನ್ನುವಷ್ಟರಲ್ಲಿ ಯಜಮಾನರು ಬಾಯಿ ತೆರೆದರು. ಶಾಲೆಯಲ್ಲಿ ಎದ್ದು ನಿಂತು ಓದಬೇಕಾದ ದಿನ ತಾವು ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಿದ್ದುದನ್ನೂ, ಇಂದಿಗೂ ಸರಕಿನ ಚೀಟಿಯಲ್ಲಿರುವ ವಿಳಾಸವನ್ನು ಅಂಗಡಿಯವರಿಂದಲೇ ಓದಿಸಿಕೊಂಡು ಹೊರಡುವುದನ್ನೂ ಹೇಳಿದರು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಅದು ಗೊತ್ತಿರಲಿಲ್ಲ. ಈ ತೊಡಕು ವಂಶದಲ್ಲಿ ಹರಿದು ಬರುವುದು ಸಾಮಾನ್ಯ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಆಕೆ ವಿವರಿಸಿದಾಗ ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆ ದಿನದಿಂದ ಮಗಳನ್ನು ಮೈಸೂರಿಗೆ ಕರೆದೊಯ್ಯಲು ಅವರು ಒಮ್ಮೆಯೂ ಬೇಸರಿಸಲಿಲ್ಲ.

ಮುಂದಿನ ಭೇಟಿಗಳಲ್ಲಿ ಮೊದಲು ಬುದ್ಧಿಮತ್ತೆಯ ಪರೀಕ್ಷೆ ನಡೆಯಿತು. ಅದರಲ್ಲಿ ಅಂಕ 85ಕ್ಕಿಂತ ಮೇಲಿದ್ದರೆ ಮಾತ್ರ ಕಲಿಕಾ ನ್ಯೂನತೆಯ ಪರೀಕ್ಷೆಗೆ ಹೋಗುತ್ತಾರೆ. ಅದಾದ ಮೇಲೆ ನಿಮ್ಹಾನ್ಸ್‌ನಲ್ಲಿ ರೂಪಿಸಿದ ಪರೀಕ್ಷಾ ಮಾಲೆಯಿಂದ ಓದು, ಬರಹ, ಕಾಗುಣಿತ, ಲೆಕ್ಕ, ಗಮನ, ನೆನಪು ಇವನ್ನೆಲ್ಲ ನೋಡಿದರು. 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12ರವರಿಗೆ ಇನ್ನೊಂದು ಹಂತ ಅದರಲ್ಲಿದೆ. ಇಲ್ಲಿ ಒಂದು ಮುಖ್ಯ ಮಾತು. ಮಗು ಯಾವ ಮಾಧ್ಯಮದಲ್ಲಿ ಕಲಿಯುತ್ತಿದೆಯೋ ಆ ಭಾಷೆಯಲ್ಲೇ ಓದಿಸಿ ನೋಡಬೇಕೆಂದು ನೀವೇ ಕೇಳಿಕೊಳ್ಳಿ. ಇಂಗ್ಲಿಷ್ ವಾಕ್ಯಗಳನ್ನು ಮುಂದಿಟ್ಟರೆ ನಮ್ಮ ಶಾಲೆಯ ಯಾವ ಮಗುವೂ ತಡವರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮಗಳ ನೋಟ್‌ಪುಸ್ತಕಗಳನ್ನೂ ಶಿಕ್ಷಕಿಯವರು ಬರೆದಿಟ್ಟಿದ್ದ ಓದಿನ ದಾಖಲೆಯನ್ನೂ ಒಯ್ದಿದ್ದೆವು. ಮನಶ್ಶಾಸ್ತ್ರಜ್ಞೆ ಅವುಗಳನ್ನು ಬಹಳ ಹೊತ್ತು ನೋಡಿದರು.

ಅಷ್ಟಾದ ಮೇಲೆ, ನಮಗೆ ಯಾರೂ ಮುನ್ಸೂಚನೆ ಕೊಡದಿದ್ದ ಅಡ್ಡಿ ಎದುರಾಯಿತು. ಮಗಳಿಗೆ ಇನ್ನೂ ಎಂಟು ತುಂಬಿರಲಿಲ್ಲ. ಸರ್ಕಾರದ ಮಾರ್ಗಸೂಚಿಯಂತೆ ಪ್ರಮಾಣಪತ್ರವನ್ನು ಮೊದಲ ಬಾರಿಗೆ ಕೊಡುವುದು ಎಂಟು ವರ್ಷಕ್ಕೆ. ಮತ್ತೆ 14ಕ್ಕೆ, 18ಕ್ಕೆ ಪರೀಕ್ಷಿಸಿ ನವೀಕರಿಸಬೇಕು. ‘ವರದಿ ಕೊಡುತ್ತೇವೆ, ಓದಿನ ತರಬೇತಿ ಇಂದಿನಿಂದಲೇ ಆಗಲಿ, ಪ್ರಮಾಣಪತ್ರಕ್ಕೆ ಎಂಟು ತುಂಬಿದ ಮೇಲೆ ಬನ್ನಿ’ ಎಂದರು. ಬಸ್‌ ನಿಲ್ದಾಣದಲ್ಲಿ ಕುಳಿತು, ಇಷ್ಟೆಲ್ಲ ಓಡಾಡಿದ್ದು ವ್ಯರ್ಥವಾಯಿತೆಂದು ನಾನು ಗೋಳಾಡಿದೆ. ವ್ಯರ್ಥವೇನೂ ಆಗಿರಲಿಲ್ಲ. ಆ ವರದಿಯ ಕೊನೆಯ ಪುಟದಲ್ಲಿ ಮಗುವಿಗೆ ಹೇಗೆ ಕಲಿಸಬೇಕೆಂದು ಬರೆದಿತ್ತು, ಶಾಲೆಗೆ ಬೇಕಾಗಿದ್ದದ್ದು ಅದೇ ಪುಟ.

ಅಲ್ಲಿನ ವಿಶೇಷ ಶಿಕ್ಷಕಿ ನಮ್ಮನ್ನು ಕೂರಿಸಿಕೊಂಡು ಕನ್ನಡ ಓದಿನ ಸ್ವರೂಪವನ್ನು ಬಿಡಿಸಿ ಹೇಳಿದರು. 34 ವ್ಯಂಜನಗಳಿಗೆ ಸ್ವರಗಳು ಕೂಡಿದರೆ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರಗಳು. ಇವೆಲ್ಲ ಗಟ್ಟಿಯಾಗಲು ಯಾವ ಮಗುವಿಗಾದರೂ ಕೆಲವು ವರ್ಷ ಬೇಕು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಕನ್ನಡದ ಮಕ್ಕಳಲ್ಲಿ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿದೆ. ಆದ್ದರಿಂದ ನಿಧಾನವಾದದ್ದೆಲ್ಲ ನ್ಯೂನತೆಯಲ್ಲ. ನಿಧಾನವಾಗಿಯಾದರೂ ಮುಂದೆ ಸಾಗುತ್ತಿರುವ ಮಗು ಒಂದು ಬಗೆ, ಚೆನ್ನಾಗಿ ಕಲಿಸಿದರೂ ಅಲ್ಲೇ ಸಿಕ್ಕಿಕೊಂಡಿರುವ ಮಗು ಇನ್ನೊಂದು ಬಗೆ. ಇದನ್ನು ತಿಳಿಯಲು ಕಲಿಸಿ ನೋಡಲೇಬೇಕು ಎಂದರು. ಶಾಲೆಯ ಶಿಕ್ಷಕಿಯವರು ಅಷ್ಟು ತಿಂಗಳು ಕಲಿಸಿ ಬರೆದಿಟ್ಟಿದ್ದ ದಾಖಲೆಗೆ ಮನಶ್ಶಾಸ್ತ್ರಜ್ಞೆ ಅಷ್ಟು ಬೆಲೆ ಕೊಟ್ಟದ್ದು ಏಕೆಂದು ನನಗೆ ಆಗ ಅರ್ಥವಾಯಿತು.

ಶಾಲೆಯ ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ನಾನು ಹಲವು ಬಾರಿ ಬಾಗಿಲ ಬಳಿ ಕುಳಿತು ನೋಡಿದ್ದೇನೆ. ಮೊದಲು ಪುಸ್ತಕವೇ ಇಲ್ಲ, ಕಿವಿಯ ಕೆಲಸ. ‘ತಾವರೆ’ ಎಂದು ಹೇಳಿ ಮೂರು ಚಪ್ಪಾಳೆ ತಟ್ಟುವುದು, ‘ಕಮಲದಲ್ಲಿ ಕ ತೆಗೆದರೆ ಏನು ಉಳಿಯಿತು?’ ಎಂದು ಕೇಳುವುದು. ನಂತರ ನಲಿಕಲಿಯ ಮೊದಲ ಅಕ್ಷರಗಳಾದ ರ, ಗ, ಸ, ದ, ಅ ಇವುಗಳ ಮಿಂಚುಪಟ್ಟಿಗಳನ್ನು ಜೋಡಿಸಿ ಸರ, ಅರಸ, ಗರಗಸ ಎಂದು ಪದ ಮಾಡಿ ಓದಿಸುವುದು. ಒಂದಕ್ಷರ ಹಿಡಿದು ‘ಕ ಕಾ ಕಿ ಕೀ’ ಎಂದು ಇಡೀ ಬಳ್ಳಿಯನ್ನು ಬಾಯಿಪಾಠ ಮಾಡಿಸುವುದನ್ನು ಶಿಕ್ಷಕಿಯವರು ಬಿಟ್ಟೇಬಿಟ್ಟರು; ಅದನ್ನು ನನ್ನ ಮಗಳು ರಾಗವಾಗಿ ಹೇಳುತ್ತಿದ್ದಳು, ಆದರೆ ನಡುವಿನ ಒಂದನ್ನು ತೋರಿಸಿದರೆ ಗೊತ್ತಾಗುತ್ತಿರಲಿಲ್ಲ. ಬದಲಾಗಿ ದೀರ್ಘದ ಒಂದೇ ಚಿಹ್ನೆಯನ್ನು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿ ದಾರ, ಸಾರ, ರಾಗ ಎಂದು ಓದಿಸಿ, ಅದು ಗಟ್ಟಿಯಾದ ಮೇಲೆಯೇ ಇನ್ನೊಂದು ಚಿಹ್ನೆಗೆ ಹೋಗುತ್ತಿದ್ದರು. ನೋಡಲು ಒಂದೇ ಬಗೆಯಾಗಿರುವ ಮ ಮತ್ತು ವ, ಸ ಮತ್ತು ನ, ಪ ಮತ್ತು ಷ ಇವನ್ನು ಒಂದೇ ವಾರದಲ್ಲಿ ತರುತ್ತಿರಲಿಲ್ಲ. ಓದಿದ ಪದವನ್ನೇ ಬರೆಸುವುದು, ಓದಿದ ವಾಕ್ಯದ ಬಗ್ಗೆ ಮಾತನಾಡಿಸುವುದು, ಹದಿನೈದು ದಿನಕ್ಕೊಮ್ಮೆ ಒಂದು ನಿಮಿಷ ಓದಿಸಿ ಸರಿಯಾಗಿ ಬಂದ ಪದಗಳನ್ನು ನೋಟ್‌ಪುಸ್ತಕದಲ್ಲಿ ಗುರುತಿಸುವುದು, ಇಷ್ಟೇ. ಮೊದಲ ತಿಂಗಳುಗಳಲ್ಲಿ ಆ ಗುರುತುಗಳು ಕದಲಲೇ ಇಲ್ಲ. ಆಮೇಲೆ ಒಂದು ದಿನ ಬಸ್ಸಿನ ಹಲಗೆಯ ಮೇಲಿದ್ದ ‘ಹಾಸನ’ವನ್ನು ಅವಳು ಯಾರೂ ಕೇಳದೆ ಓದಿದಳು.

ಮನೆಯಲ್ಲಿ ಸಂಜೆ ಸ್ವಲ್ಪ ಹೊತ್ತು, ಅವಳು ದಣಿಯುವ ಮುನ್ನ ನಿಲ್ಲಿಸುವಷ್ಟು ಮಾತ್ರ ನಾನು ಓದಿಸುತ್ತಿದ್ದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮೊದಲ ಮಟ್ಟದ ಪುಸ್ತಕಗಳನ್ನು ಫೋನಿನಲ್ಲೇ ತೆರೆದು ಒಂದು ವಾಕ್ಯ ಅವಳು, ಒಂದು ವಾಕ್ಯ ನಾನು ಎಂದು ಓದಿಕೊಂಡೆವು. ಟ್ಯೂಷನ್‌ಗೆ ಕಳುಹಿಸಿ ಎಂದವರು ಅನೇಕರು. ಶಾಲೆಯ ಪಾಠವನ್ನೇ ಇನ್ನೊಮ್ಮೆ ಬರೆಸುವ ಟ್ಯೂಷನ್ನಿನಿಂದ ಇಂಥ ಮಗುವಿಗೆ ಆಯಾಸ ಹೆಚ್ಚುತ್ತದೆಯೇ ಹೊರತು ಓದು ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಟು ತುಂಬಿದ ಮೇಲೆ ಯುಡಿಐಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಲು ಹೋದೆವು. ಅಲ್ಲಿ ಮತ್ತೊಂದು ತೊಡಕು: ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ (ಶಿಕ್ಷಣ ಇಲಾಖೆ ಇಟ್ಟುಕೊಳ್ಳುವ ವಿದ್ಯಾರ್ಥಿಗಳ ಗಣಕ ದಾಖಲೆ) ಮಗಳ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರವಿತ್ತು, ಆಧಾರ್‌ನಲ್ಲಿ ಇರಲಿಲ್ಲ, ಮೈಸೂರಿನ ವರದಿ ಶಾಲೆಯ ಹೆಸರಿನಂತೆ ಇತ್ತು. ಆಧಾರ್ ತಿದ್ದುಪಡಿಗೆ ಕಾದು, ಆಮೇಲೆ ಅರ್ಜಿ ಹಾಕಿದೆವು. ಅರ್ಜಿಯಲ್ಲಿ ಆರಿಸಿಕೊಂಡ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಮಗುವನ್ನು ಹಾಜರುಪಡಿಸಬೇಕು. ಮಕ್ಕಳ ವೈದ್ಯರು ಬಂದ ದಿನ ಮನಶ್ಶಾಸ್ತ್ರಜ್ಞರಿಲ್ಲ, ಅವರಿದ್ದ ದಿನ ಇವರಿಲ್ಲ ಎಂದು ನಮ್ಮನ್ನು ಹಿಂದಕ್ಕೆ ಕಳುಹಿಸಿದ್ದುಂಟು. ಮಂಡಳಿ ಯಾವ ವಾರ ಸೇರುತ್ತದೆಂದು ಅಲ್ಲಿನ ಗುಮಾಸ್ತರಿಂದ ತಿಳಿದುಕೊಂಡು ಹೋಗುವುದು ಒಳ್ಳೆಯದು. ಶಾಲೆಯ ಪತ್ರ, ಕಣ್ಣು ಕಿವಿಯ ವರದಿ, ಮೈಸೂರಿನ ವರದಿ, ಆಧಾರ್, ಜನನ ಪ್ರಮಾಣಪತ್ರ, ಭಾವಚಿತ್ರ ಇವುಗಳ ಮೂಲವನ್ನೂ ನಕಲನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮೂಲವನ್ನು ಯಾರಿಗೂ ಬಿಟ್ಟುಕೊಡಬೇಡಿ.

ಈಗ ಮಗಳು ಒತ್ತಕ್ಷರವಿಲ್ಲದ ಪ್ಯಾರಾವನ್ನು ನಿಧಾನವಾಗಿ, ಅರ್ಥಮಾಡಿಕೊಂಡು ಓದುತ್ತಾಳೆ. ಒತ್ತಕ್ಷರಗಳಲ್ಲಿ ‘ಅಮ್ಮ’, ‘ಅಕ್ಕ’ದಂಥವು ಬಂದಿವೆ. ‘ಸೂರ್ಯ’ದಂಥ ಪದಗಳು ಇನ್ನೂ ಕಾಡುತ್ತವೆ, ಏಕೆಂದರೆ ಅಲ್ಲಿ ಮೊದಲು ಉಚ್ಚರಿಸಬೇಕಾದ ‘ರ್’ ಬರಹದಲ್ಲಿ ಅರ್ಕಾವೊತ್ತಾಗಿ ಕೊನೆಗೆ ಕುಳಿತಿರುತ್ತದೆ. ಕಾರ್ಡಿನಿಂದ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಸೌಲಭ್ಯ ಕೇಳಬಹುದು. ಸದ್ಯಕ್ಕೆ ನಮ್ಮ ಮುಂದಿರುವ ಕೆಲಸ ಬೇರೆ. ಜೂನ್‌ನಲ್ಲಿ ಅವಳು ನಾಲ್ಕನೇ ತರಗತಿಗೆ ಹೋಗುವಾಗ ಬೇರೆ ಶಿಕ್ಷಕರ ಕೈಗೆ ಬರುತ್ತಾಳೆ. ಆ ಓದಿನ ನೋಟ್‌ಪುಸ್ತಕ, ಮೈಸೂರಿನ ವರದಿಯ ಕೊನೆಯ ಪುಟ, ಮತ್ತು ಅವಳಿಗೆ ಇನ್ನು ಯಾವ ಒತ್ತಕ್ಷರಗಳನ್ನು ಕಲಿಸಬೇಕೆಂಬ ಪಟ್ಟಿ ಈ ಮೂರನ್ನೂ ಮುಖ್ಯ ಶಿಕ್ಷಕರ ಎದುರಿನಲ್ಲೇ ಅವರಿಗೆ ಒಪ್ಪಿಸಿ, ಬೆಳಗಿನ ಅರ್ಧ ಗಂಟೆಯನ್ನು ಮುಂದುವರಿಸಬೇಕೆಂದು ಲಿಖಿತವಾಗಿ ಕೇಳಿಕೊಳ್ಳಲು ಅರ್ಜಿ ಬರೆದು ಇಟ್ಟಿದ್ದೇನೆ.